ಟೀನ್ ಕೋರ್ಟಿನ ಜ್ಯೂರಿಯಲ್ಲಿ ಕೂರುವ ಮಗಳಿಗೆ ಏನು ಹೇಳಿಕೊಡಬೇಕು?

ಪ್ರಶ್ನೆ: ನಾವು ದಾವಣಗೆರೆ ಕಡೆಯವರು, ಕೆಲವು ವರ್ಷಗಳಿಂದ ಟೆಕ್ಸಾಸ್‌ನಲ್ಲಿ, ಡಾಲಸ್ ಸಮೀಪದ ಒಂದು ಊರಿನಲ್ಲಿದ್ದೇವೆ. ಹತ್ತನೇ ತರಗತಿಯಲ್ಲಿರುವ ಮಗಳು ಇಲ್ಲಿನ ಟೀನ್ ಕೋರ್ಟಿನಲ್ಲಿ, ಅಂದರೆ ಸಣ್ಣ ತಪ್ಪು ಮಾಡಿದ ಹದಿಹರೆಯದವರಿಗೆ ಅದೇ ವಯಸ್ಸಿನವರು ಶಿಕ್ಷೆ ಹೇಳುವ ಕೋರ್ಟಿನಲ್ಲಿ, ಜ್ಯೂರರ್ (ಪ್ರಕರಣ ಕೇಳಿ ಒಟ್ಟಾಗಿ ತೀರ್ಮಾನಿಸುವ ಗುಂಪಾದ ಜ್ಯೂರಿಯ ಸದಸ್ಯೆ) ಆಗಲು ಹೆಸರು ಕೊಟ್ಟಿದ್ದಾಳೆ. ಮುಂದಿನ ತಿಂಗಳು ಮೊದಲ ವಿಚಾರಣೆ. ಇದು ನಿಜವಾದ ನ್ಯಾಯಾಲಯವೋ, ಶಾಲೆಯ ಅಣಕು ನ್ಯಾಯಾಲಯದಂಥದ್ದೋ ನಮಗೆ ತಿಳಿಯದು. 'ಇನ್ನೊಬ್ಬರ ಮಕ್ಕಳಿಗೆ ಶಿಕ್ಷೆ ಹೇಳಲು ಹದಿನೈದು ವರ್ಷದ ಇವಳು ಯಾರು' ಎಂಬುದು ನನ್ನ ಯಜಮಾನರ ಆಕ್ಷೇಪ. ಎದುರಿಗೆ ಬರುವ ಹುಡುಗ ಅವಳದೇ ಶಾಲೆಯವನಾಗಿದ್ದರೆ ಏನು ಮಾಡಬೇಕು? ನಾವಿನ್ನೂ ವೀಸಾದ ಮೇಲಿದ್ದೇವೆ, ಅವಳು ಉದ್ಯೋಗ ವೀಸಾದವರ ಅವಲಂಬಿತರಿಗೆ ಕೊಡುವ ಎಚ್-4 ವೀಸಾದಲ್ಲಿದ್ದಾಳೆ. ಅವಳು ಜ್ಯೂರಿಯಲ್ಲಿ ಕೂರಬಹುದೇ? ಮನೆಯಲ್ಲಿ ನಾವು ಅವಳನ್ನು ಹೇಗೆ ಸಿದ್ಧಗೊಳಿಸಬೇಕು?

ಉತ್ತರ: ಮೊದಲಿಗೆ, ಇದು ಅಣಕು ನ್ಯಾಯಾಲಯವಲ್ಲ. ಅಣಕು ನ್ಯಾಯಾಲಯದಲ್ಲಿ ಪ್ರಕರಣವೂ ಕಲ್ಪಿತ, ಆರೋಪಿಯೂ ಕಲ್ಪಿತ. ಅಲ್ಲಿ ಮಕ್ಕಳ ವಾದ ಹೇಗಿತ್ತು ಎಂಬುದಕ್ಕೆ ಅಂಕ ಬೀಳುತ್ತದೆಯೇ ಹೊರತು ಯಾರ ಬದುಕಿಗೂ ಏನೂ ಆಗುವುದಿಲ್ಲ. ನಿಮ್ಮ ಮಗಳ ಎದುರು ನಿಲ್ಲುವ ಹುಡುಗನಿಗೆ ನಿಜವಾದ ಪೊಲೀಸರು ಬರೆದುಕೊಟ್ಟ ಟಿಕೆಟ್, ಅಂದರೆ ಆರೋಪದ ಚೀಟಿ, ಇರುತ್ತದೆ, ಸಣ್ಣ ಅಪರಾಧಗಳನ್ನು ನೋಡುವ ಮುನ್ಸಿಪಲ್ ಅಥವಾ ಜಸ್ಟಿಸ್ ಕೋರ್ಟಿನಲ್ಲಿ ಅವನ ಹೆಸರಿನ ಕಡತ ತೆರೆದಿರುತ್ತದೆ. ಜ್ಯೂರಿಯ ಆರು ಮಂದಿ ಹದಿಹರೆಯದವರು ಸಹಿ ಹಾಕಿಕೊಟ್ಟ ಹಾಳೆಯಲ್ಲಿ ಇರುವುದನ್ನು ಅವನು ಗಡುವಿನೊಳಗೆ ಮಾಡಿ ಮುಗಿಸಿದರೆ ನ್ಯಾಯಾಧೀಶರು ಆ ಆರೋಪವನ್ನು ವಜಾ ಮಾಡುತ್ತಾರೆ. ಮುಗಿಸದಿದ್ದರೆ ಕಡತ ಮತ್ತೆ ದೊಡ್ಡವರ ಕೋರ್ಟಿನ ಮೇಜಿಗೆ ಹೋಗುತ್ತದೆ.

ಟೆಕ್ಸಾಸ್‌ನಲ್ಲಿ ಇದಕ್ಕೆ ರಾಜ್ಯದ ಕಾನೂನಿನ ಆಧಾರವೇ ಇದೆ. ದಂಡಕ್ಕೆ ಮಾತ್ರ ಗುರಿಯಾಗುವ, ಹೆಚ್ಚೆಂದರೆ 500 ಡಾಲರ್ ದಂಡ ಬೀಳುವ ಕ್ಲಾಸ್ ಸಿ ವರ್ಗದ ಸಣ್ಣ ಅಪರಾಧಗಳೇ ಇಲ್ಲಿಗೆ ಬರುವಂಥವು: ವೇಗಮಿತಿ ಮೀರಿ ಕಾರು ಓಡಿಸಿದ್ದು, ಅಂಗಡಿಯಲ್ಲಿ 100 ಡಾಲರ್‌ಗಿಂತ ಕಡಿಮೆ ಬೆಲೆಯ ವಸ್ತು ಎತ್ತಿಕೊಂಡದ್ದು, ವಯಸ್ಸಾಗುವ ಮುಂಚೆ ಬಿಯರ್ ಹಿಡಿದು ಸಿಕ್ಕಿಬಿದ್ದದ್ದು, ಸಾರ್ವಜನಿಕ ಜಾಗದಲ್ಲಿ ಜಗಳ ಕಾದದ್ದು. ಆರೋಪಿ 18 ವರ್ಷದೊಳಗಿನವನಾಗಿರಬೇಕು ಅಥವಾ ಹೈಸ್ಕೂಲಿನ ಪೂರ್ಣಾವಧಿ ವಿದ್ಯಾರ್ಥಿಯಾಗಿರಬೇಕು. ತಂದೆಯೋ ತಾಯಿಯೋ ಪೋಷಕರೋ ಪಕ್ಕದಲ್ಲಿರುವಾಗ ತೆರೆದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಳ್ಳಬೇಕು, ಇಲ್ಲವೇ ಆರೋಪವನ್ನು ಪ್ರಶ್ನಿಸುವುದಿಲ್ಲ ಎಂದು ಹೇಳಬೇಕು. ಹಿಂದಿನ ಒಂದು ವರ್ಷದಲ್ಲಿ ಈ ಅವಕಾಶವನ್ನು ಬಳಸಿ ಮುಗಿಸಿದವನಾಗಿರಬಾರದು. ಇಷ್ಟಿದ್ದರೆ ನ್ಯಾಯಾಧೀಶರು ಪ್ರಕರಣವನ್ನು ಗರಿಷ್ಠ 180 ದಿನ ಮುಂದೂಡಿ ಅವನನ್ನು ಟೀನ್ ಕೋರ್ಟಿಗೆ ಕಳುಹಿಸಬಹುದು. ಟೀನ್ ಕೋರ್ಟಿನ ವಿಚಾರಣೆಯಾದ 90 ದಿನಗಳೊಳಗೆ, ಅಥವಾ ಮುಂದೂಡಿದ ಅವಧಿ ಅದಕ್ಕೂ ಮೊದಲೇ ಮುಗಿಯುವುದಾದರೆ ಅಷ್ಟರೊಳಗೆ, ಹೇಳಿದ್ದನ್ನು ಅವನು ಮಾಡಿ ತೋರಿಸಬೇಕು. ಈ ತೊಂಬತ್ತು ದಿನದ ಲೆಕ್ಕ ಜ್ಯೂರಿಯ ಕೋಣೆಯಲ್ಲಿ ಬಹಳ ಮುಖ್ಯವಾಗುತ್ತದೆ. ಅದಕ್ಕೆ ಮುಂದೆ ಬರುತ್ತೇನೆ.

ನೀವಿರುವ ರಾಜ್ಯಕ್ಕೆ ಈ ವಿಷಯದಲ್ಲಿ ಹಿರಿತನವಿದೆ. ಇಂಥ ಪ್ರಯೋಗಗಳು ಅಮೆರಿಕದಲ್ಲಿ ಅದಕ್ಕೂ ಹಿಂದೆ ಅಲ್ಲಲ್ಲಿ ನಡೆದಿದ್ದವಾದರೂ, ಮಿಕ್ಕವರು ನೋಡಿ ಅನುಸರಿಸುವಂಥ ಮಾದರಿಯಾದದ್ದು ಪಶ್ಚಿಮ ಟೆಕ್ಸಾಸ್‌ನ ಒಡೆಸಾ ಎಂಬ ತೈಲದ ಊರಿನಲ್ಲಿ 1983ರಲ್ಲಿ ಆರಂಭವಾದ ಟೀನ್ ಕೋರ್ಟ್. ಅದಾದ ಮೇಲೆ ಕಾಲು ಶತಮಾನದಲ್ಲಿ ದೇಶದಾದ್ಯಂತ ಇಂಥ ನ್ಯಾಯಾಲಯಗಳ ಸಂಖ್ಯೆ ಸಾವಿರ ದಾಟಿತು. ಎಲ್ಲವೂ ಒಂದೇ ಬಗೆಯವಲ್ಲ. ಕೆಲವೆಡೆ ಪೀಠದಲ್ಲಿ ವಯಸ್ಕ ನ್ಯಾಯಾಧೀಶರಿದ್ದು, ವಕೀಲರೂ ಜ್ಯೂರಿಯೂ ಮಕ್ಕಳಾಗಿರುತ್ತಾರೆ. ಕೆಲವೆಡೆ ನ್ಯಾಯಾಧೀಶರ ಕುರ್ಚಿಯಲ್ಲೂ ಹೈಸ್ಕೂಲಿನವರೇ. ಇನ್ನು ಕೆಲವೆಡೆ ವಕೀಲರೇ ಇಲ್ಲದೆ ಜ್ಯೂರಿಯ ಮಕ್ಕಳು ನೇರವಾಗಿ ಆರೋಪಿಯನ್ನು ಪ್ರಶ್ನಿಸುತ್ತಾರೆ. ಅಲಾಸ್ಕಾದ ಆಂಕರೇಜ್‌ನಂಥ ಕಡೆ ಜ್ಯೂರಿಯೇ ಇಲ್ಲ, ತರಬೇತಿ ಪಡೆದು ಪರೀಕ್ಷೆ ಪಾಸಾದ ಮೂವರು ಎಳೆಯ ನ್ಯಾಯಾಧೀಶರು ಒಟ್ಟಿಗೆ ಕೂತು ನಿರ್ಧರಿಸುತ್ತಾರೆ. ನಿಮ್ಮ ಊರಿನದು ಇವುಗಳಲ್ಲಿ ಯಾವುದೆಂದು ಮಗಳು ಮೊದಲ ದಿನವೇ ಕೋಆರ್ಡಿನೇಟರ್ ಅವರನ್ನು ಕೇಳಿ ತಿಳಿದುಕೊಳ್ಳಲಿ. ವಕೀಲರು ಪ್ರಶ್ನಿಸುವ ಕೋರ್ಟಿನಲ್ಲಿ ಜ್ಯೂರರ್‌ಗೆ ಬೇಕಾದದ್ದು ಕಿವಿ. ಜ್ಯೂರಿಯೇ ಪ್ರಶ್ನಿಸುವ ಕೋರ್ಟಿನಲ್ಲಿ ಕಿವಿಯ ಜೊತೆಗೆ ನಾಲಿಗೆಯೂ ಹದವಾಗಿರಬೇಕು.

ನಿಮ್ಮ ಯಜಮಾನರ ಆತಂಕದಲ್ಲಿ ಅರ್ಧದಷ್ಟು ಕರಗಬಹುದಾದ ಸಂಗತಿಯೊಂದಿದೆ. ನಿಮ್ಮ ಮಗಳು ಯಾರನ್ನೂ ತಪ್ಪಿತಸ್ಥರೆಂದು ತೀರ್ಮಾನಿಸುವುದಿಲ್ಲ. ತಪ್ಪು ನಡೆಯಿತೋ ಇಲ್ಲವೋ ಎಂಬ ಪ್ರಶ್ನೆ, ಹುಡುಗ ದೊಡ್ಡವರ ಕೋರ್ಟಿನಲ್ಲಿ ಒಪ್ಪಿಕೊಂಡಾಗಲೇ ಮುಗಿದಿರುತ್ತದೆ. ತಪ್ಪು ಮಾಡಿಲ್ಲವೆನ್ನುವವನು ಟೀನ್ ಕೋರ್ಟಿಗೆ ಬರಲೇಬಾರದು. ಅವನು ಮಾಮೂಲಿ ನ್ಯಾಯಾಲಯದಲ್ಲಿ ವಾದಿಸಬೇಕು. ಸಿನಿಮಾ, ಧಾರಾವಾಹಿಗಳನ್ನು ನೋಡಿ ಬಂದ ಮಕ್ಕಳು ಇದನ್ನು ಮರೆತು, 'ಕ್ಯಾಮೆರಾದಲ್ಲಿ ಹೀಗೆ ಕಾಣುತ್ತದಲ್ಲ, ನೀನು ಹಾಗೆ ಹೇಳುತ್ತೀಯಲ್ಲ' ಎಂದು ಪತ್ತೇದಾರಿಗೆ ಇಳಿಯುವುದನ್ನು ತರಬೇತಿಗಳಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. ಜ್ಯೂರಿಯ ಮುಂದಿರುವ ಪ್ರಶ್ನೆ ಬೇರೆ: ನಡೆದದ್ದರಿಂದ ಯಾರಿಗೆ ಏನು ನಷ್ಟವಾಯಿತು, ಅದನ್ನು ಸರಿಪಡಿಸಲು ಈ ಹುಡುಗ ಮುಂದಿನ ತೊಂಬತ್ತು ದಿನಗಳಲ್ಲಿ ಏನು ಮಾಡಬೇಕು, ಏನು ಮಾಡಬಲ್ಲ. ಇದಕ್ಕೆ ಉತ್ತರ ಪೊಲೀಸರ ವರದಿಯಲ್ಲಿ ಸಿಗುವುದು ಕಡಿಮೆ. ಹುಡುಗನ ಬಾಯಿಂದಲೇ ಬರಬೇಕು. ಆದ್ದರಿಂದ ಜ್ಯೂರಿಯ ಕೆಲಸದ ಗುಣಮಟ್ಟ ಕೊನೆಯ ತೀರ್ಮಾನಕ್ಕಿಂತ ಹೆಚ್ಚಾಗಿ ಅದಕ್ಕೂ ಮೊದಲು ಕೇಳಿದ ಪ್ರಶ್ನೆಗಳಲ್ಲಿದೆ ಎಂದು ನಾನು ನಂಬಿದ್ದೇನೆ.

ಒಂದು ಉದಾಹರಣೆ ಕೊಡುತ್ತೇನೆ. ನಿಜವಾದ ಪ್ರಕರಣವನ್ನು ಹೇಳುವಂತಿಲ್ಲವಾದ್ದರಿಂದ ಇದು ತರಬೇತಿಗೆಂದು ಕಟ್ಟಿಕೊಂಡ ಕಥೆ, ಆದರೆ ಇಂಥವು ವಾರ ವಾರ ಬರುತ್ತವೆ. ಹದಿನಾರು ವರ್ಷದ ಹುಡುಗ ಮಾಲ್‌ನ ಅಂಗಡಿಯೊಂದರಲ್ಲಿ ಸುಮಾರು 60 ಡಾಲರ್‌ನ ಇಯರ್‌ಫೋನ್ ಜೇಬಿಗಿಳಿಸಿ ಬಾಗಿಲಲ್ಲಿ ಸಿಕ್ಕಿಬಿದ್ದಿದ್ದಾನೆ. ಸಂಜೆಯ ಹೊತ್ತು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುರ್ಚಿಯ ತುದಿಯಲ್ಲಿ ಕೂತಿದ್ದಾನೆ; ಹಿಂದಿನ ಸಾಲಿನಲ್ಲಿ ತಾಯಿ. ಮೊದಲ ಜ್ಯೂರರ್ ಕೇಳುತ್ತಾನೆ: 'ಕದಿಯುವುದು ತಪ್ಪೆಂದು ಗೊತ್ತಿರಲಿಲ್ಲವೇ?' ಉತ್ತರ: 'ಗೊತ್ತಿತ್ತು.' ಎರಡನೆಯವಳು: 'ಇನ್ನೊಮ್ಮೆ ಹೀಗೆ ಮಾಡುತ್ತೀಯಾ?' ಉತ್ತರ: 'ಇಲ್ಲ.' ಇವೆರಡೂ ಪ್ರಶ್ನೆಗಳೇ ಅಲ್ಲ, ಪ್ರಶ್ನೆಯ ಧಾಟಿಯಲ್ಲಿರುವ ಬೈಗುಳ. ಮನೆಯಿಂದ ಬರುವಾಗ ಕಾರಿನಲ್ಲೇ ತಾಯಿ ಈ ಉತ್ತರಗಳನ್ನು ಹೇಳಿಕೊಟ್ಟಿರುತ್ತಾಳೆ. ಆಗ ಸಾಲಿನ ತುದಿಯಲ್ಲಿರುವ ಹುಡುಗಿ ಕೇಳುತ್ತಾಳೆ: 'ಅಂಗಡಿಯವರು ನಿನ್ನನ್ನು ತಡೆದು ಕೂರಿಸಿದಾಗ ಮೊದಲು ಯಾರಿಗೆ ಫೋನ್ ಮಾಡಿದೆ?' ಹುಡುಗ ಸ್ವಲ್ಪ ತಡೆದು, 'ಅಕ್ಕನಿಗೆ' ಎನ್ನುತ್ತಾನೆ. 'ಯಾಕೆ ಅಕ್ಕನಿಗೆ?' 'ಅವಳು ಅದೇ ಮಾಲ್‌ನಲ್ಲಿ ಕೆಲಸ ಮಾಡ್ತಾಳೆ. ಕೆಲಸ ಬಿಟ್ಟು ಓಡಿ ಬಂದಳು.' 'ಆಮೇಲೆ ಅವಳ ಕೆಲಸಕ್ಕೆ ಏನಾದರೂ ತೊಂದರೆ ಆಯಿತಾ?' 'ಮುಂದಿನ ವಾರ ಅವಳಿಗೆ ಪಾಳಿ ಕಡಿಮೆ ಕೊಟ್ಟರು. ಅವಳು ನನ್ನ ಹತ್ತಿರ ಸರಿಯಾಗಿ ಮಾತಾಡ್ತಿಲ್ಲ.'

ಆ ಮೂರು ಪ್ರಶ್ನೆಗಳಿಗೆ ಒಂದು ನಿಮಿಷ ಹಿಡಿದಿಲ್ಲ. ಆದರೆ ಪೊಲೀಸ್ ವರದಿಯಲ್ಲಿ ಎಲ್ಲೂ ಇಲ್ಲದ ಒಬ್ಬ ನೊಂದ ವ್ಯಕ್ತಿ ಕೋಣೆಯೊಳಕ್ಕೆ ಬಂದಾಯಿತು. ಅಂಗಡಿಗೆ ಅವರ ಇಯರ್‌ಫೋನ್ ಅಂದೇ ಮರಳಿ ಸಿಕ್ಕಿದೆ. ಕೈಯಿಂದ ಹಣ ಕಳೆದುಕೊಂಡವಳು ಅಕ್ಕ. ಕ್ಷಮಾಪಣೆಯ ಪತ್ರವನ್ನು ಯಾರಿಗೆ ಬರೆಸಬೇಕೆಂಬ ಪ್ರಶ್ನೆ ಜ್ಯೂರಿಯ ಕೋಣೆಯಲ್ಲಿ ಬಂದಾಗ, ಅಂಗಡಿಯ ಮ್ಯಾನೇಜರ್ ಹೆಸರಿನ ಜೊತೆಗೆ ಅವಳ ಹೆಸರೂ ಸೇರುತ್ತದೆ. ಮಗಳಿಗೆ ಇದನ್ನೇ ಹೇಳಿ: ಹೌದು, ಇಲ್ಲ ಎಂದು ಮುಗಿಯುವ ಪ್ರಶ್ನೆ ಬೇಡ, 'ಯಾಕೆ ಮಾಡಿದೆ' ಎಂಬುದಕ್ಕೆ ಹದಿಹರೆಯದವರ ಉತ್ತರ ಬಹುಪಾಲು 'ಗೊತ್ತಿಲ್ಲ' ಎಂದಿರುತ್ತದಾದ್ದರಿಂದ ಅದನ್ನು ನೆಚ್ಚಿಕೊಳ್ಳುವುದೂ ಬೇಡ. 'ಆ ಮೇಲೆ ಏನಾಯಿತು', 'ಆಗ ಜೊತೆಗೆ ಯಾರಿದ್ದರು', 'ಇವತ್ತಿನವರೆಗೆ ನೀನಾಗಿಯೇ ಏನು ಮಾಡಿದ್ದೀಯ', 'ನಿನ್ನ ವಾರ ಹೇಗಿರುತ್ತದೆ, ಶಾಲೆ ಬಿಟ್ಟ ಮೇಲೆ ಎಲ್ಲಿರುತ್ತೀಯ' ಎಂಬಂಥವು ಬಾಗಿಲು ತೆರೆಯುತ್ತವೆ. ಕೇಳಬಾರದವೂ ಇವೆ. ಕುಟುಂಬದ ಆದಾಯ, ಧರ್ಮ, ವಲಸೆಯ ಸ್ಥಿತಿ, ಔಷಧ, ಅಪ್ಪ ಅಮ್ಮ ಬೇರೆಯಾಗಿದ್ದಾರೆಯೇ ಎಂಬ ಕುತೂಹಲ ಇವೆಲ್ಲ ಹುಡುಗ ತಾನಾಗಿ ಹೇಳಿಕೊಂಡರೆ ಕೇಳಿಸಿಕೊಳ್ಳತಕ್ಕವು, ಕೆದಕತಕ್ಕವಲ್ಲ.

ಇನ್ನು ಬಾಗಿಲು ಮುಚ್ಚಿದ ಮೇಲಿನ ಚರ್ಚೆ. ಟೆಕ್ಸಾಸ್‌ನ ಅನೇಕ ಕಾರ್ಯಕ್ರಮಗಳಲ್ಲಿ ಜ್ಯೂರಿಗೆ ಒಂದು ಮಿತಿಪಟ್ಟಿ ಕೊಟ್ಟಿರುತ್ತಾರೆ: ಈ ದರ್ಜೆಯ ಅಪರಾಧಕ್ಕೆ ಸಮುದಾಯ ಸೇವೆ ಇಷ್ಟು ಗಂಟೆಗಿಂತ ಕಡಿಮೆಯಿಲ್ಲ, ಇಷ್ಟು ಗಂಟೆಗಿಂತ ಹೆಚ್ಚಿಲ್ಲ, ಟೀನ್ ಕೋರ್ಟಿನಲ್ಲೇ ಜ್ಯೂರರ್ ಆಗಿ ಇಷ್ಟು ಬಾರಿ ಕೂರಬೇಕು ಎಂದು. ಇದರ ಮೇಲೆ ಕ್ಷಮಾಪಣೆಯ ಪತ್ರ, ಪ್ರಬಂಧ, ವಾಹನ ಚಾಲನೆ ಅಥವಾ ಮದ್ಯ, ಮಾದಕ ವಸ್ತುಗಳ ಬಗೆಗಿನ ತರಗತಿ, ನಷ್ಟ ಭರ್ತಿ ಇಂಥವನ್ನು ಸೇರಿಸಬಹುದು. ಅನುಭವವಿಲ್ಲದವರು ಊಹಿಸುವುದಕ್ಕೆ ವಿರುದ್ಧವಾಗಿ, ಮಕ್ಕಳು ಮಕ್ಕಳ ಮೇಲೆ ಮೃದುವಾಗಿರುವುದಿಲ್ಲ. ಸ್ವತಂತ್ರವಾಗಿ ಬಿಟ್ಟರೆ ಹದಿನೈದರ ಹರೆಯದವರು ದೊಡ್ಡವರಿಗಿಂತ ಬಿಗಿ. ತಾವು ಪಾಲಿಸುವ ನಿಯಮವನ್ನು ಇನ್ನೊಬ್ಬ ಮುರಿದ ಎಂಬ ಸಿಟ್ಟು ಆ ವಯಸ್ಸಿನಲ್ಲಿ ಬಲವಾಗಿರುತ್ತದೆ. ಅದರ ಜೊತೆಗೆ, ಶಾಲೆಯ ಮರುದಿನದ ಪರೀಕ್ಷೆ ನೆನಪಾಗಿ ಬೇಗ ಮನೆಗೆ ಹೋಗಬೇಕೆನ್ನುವವರು ಇಬ್ಬರಿದ್ದರೆ ಮೊದಲು ಜೋರಾಗಿ ಮಾತಾಡಿದವನ ಅಂಕಿಯೇ ತೀರ್ಮಾನವಾಗಿಬಿಡುತ್ತದೆ. ನಾನು ತರಬೇತಿ ಕೊಡುವಲ್ಲೆಲ್ಲ ಒಂದು ಕ್ರಮಕ್ಕೆ ಹಟ ಹಿಡಿಯುತ್ತೇನೆ: ಯಾರೂ ಬಾಯಿ ತೆರೆಯುವ ಮುಂಚೆ ಆರೂ ಜನ ತಮ್ಮ ತಮ್ಮ ಹಾಳೆಯಲ್ಲಿ ನಷ್ಟ ಯಾರಿಗಾಯಿತು ಎಂಬುದನ್ನೂ ಗಂಟೆಗಳ ಅಂಕಿಯನ್ನೂ ಬರೆದಿಡಬೇಕು, ಅನಂತರ ಎಲ್ಲರಿಗಿಂತ ಕಿರಿಯವರಿಂದ ಓದುತ್ತ ಬರಬೇಕು. ನಿಮ್ಮ ಕೋರ್ಟಿನಲ್ಲಿ ಈ ರೂಢಿ ಇಲ್ಲದಿದ್ದರೂ ನಿಮ್ಮ ಮಗಳು ತಾನೊಬ್ಬಳಾದರೂ ಹಾಗೆ ಬರೆದಿಟ್ಟುಕೊಂಡರೆ, ಗಟ್ಟಿ ದನಿಗೆ ತನ್ನ ಅಭಿಪ್ರಾಯ ಕೊಚ್ಚಿಹೋಗದಂತೆ ಕಾಪಾಡಿಕೊಳ್ಳಬಹುದು.

ಗಂಟೆಗಳನ್ನು ನಿರ್ಧರಿಸುವಾಗ ತೊಂಬತ್ತು ದಿನದ ಲೆಕ್ಕವನ್ನು ಬಿಡಿಸಿ ನೋಡಬೇಕು. ತೊಂಬತ್ತು ದಿನವೆಂದರೆ ಸುಮಾರು ಹದಿಮೂರು ವಾರಾಂತ್ಯ. ಪಟ್ಟಿಯಲ್ಲಿ 16ರಿಂದ 32 ಗಂಟೆ ಎಂದಿದೆ ಎಂದಿಟ್ಟುಕೊಳ್ಳಿ. ಬಿಡುವಾಗಿರುವ ಹುಡುಗನಿಗೆ 32 ಗಂಟೆ ಏನೇನೂ ಅಲ್ಲ. ವಾರಕ್ಕೆ ಎರಡೂವರೆ ಗಂಟೆಯಾಯಿತು. ಅದೇ, ನಮ್ಮ ಕಥೆಯ ಹುಡುಗ ಶನಿವಾರ ಕಿರಾಣಿ ಅಂಗಡಿಯಲ್ಲಿ ಸಾಮಾನು ಜೋಡಿಸಿ ಸಂಪಾದಿಸುವವನಾಗಿದ್ದು, ಶಾಲೆ ಬಿಟ್ಟ ಮೇಲೆ ತಮ್ಮನನ್ನು ನೋಡಿಕೊಳ್ಳುವವನಾಗಿದ್ದು, ಮನೆಯಲ್ಲಿ ಒಂದೇ ಕಾರು ಇದ್ದರೆ, ಆ 32 ಗಂಟೆ ಅವನ ಕೆಲಸವನ್ನೂ ತಾಯಿಯ ಪಾಳಿಯನ್ನೂ ನುಂಗಿಹಾಕುತ್ತದೆ. ಮುಗಿಸಲಾಗದೆ ಅವನು ದೊಡ್ಡವರ ಕೋರ್ಟಿಗೆ ಮರಳಿದರೆ ಜ್ಯೂರಿಯ ಕಠಿಣತೆಯಿಂದ ಆದ ಲಾಭವೇನು? 'ನಿನ್ನ ವಾರ ಹೇಗಿರುತ್ತದೆ' ಎಂದು ವಿಚಾರಣೆಯಲ್ಲೇ ಕೇಳಬೇಕೆಂದದ್ದು ಇದಕ್ಕಾಗಿ. ಯಾವ ಕೆಲಸ ಎಂಬುದೂ ಅಷ್ಟೇ ಮುಖ್ಯ. ಉದ್ಯಾನದಲ್ಲಿ ಕಸ ಹೆಕ್ಕುವುದಕ್ಕಿಂತ, ಆಹಾರ ಹಂಚುವ ಕೇಂದ್ರದಲ್ಲಿ ಡಬ್ಬಿ ಜೋಡಿಸುತ್ತ ಅಲ್ಲಿಗೆ ಬರುವವರ ಮುಖ ನೋಡುವ ಕೆಲಸ ಅಂಗಡಿ ಕಳ್ಳತನದ ಹುಡುಗನಿಗೆ ಹೆಚ್ಚು ಒಗ್ಗುತ್ತದೆ.

ಪ್ರಬಂಧದ ಬಗ್ಗೆ ನನ್ನದೊಂದು ತಕರಾರು ಇದೆ, ಇದನ್ನು ನನ್ನ ಸಹೋದ್ಯೋಗಿಗಳೆಲ್ಲ ಒಪ್ಪುವುದಿಲ್ಲ. ಏನೂ ತೋಚದ ಜ್ಯೂರಿ 'ಸಾವಿರ ಪದದ ಪ್ರಬಂಧ' ಎಂದು ಬರೆದು ಕೈತೊಳೆದುಕೊಳ್ಳುತ್ತದೆ. ಹುಡುಗ ಅದನ್ನು ಒಂದು ರಾತ್ರಿಯಲ್ಲಿ, ಈಗಂತೂ ಒಂದು ನಿಮಿಷದಲ್ಲಿ, ಕಂಪ್ಯೂಟರಿನಿಂದ ಬರೆಸಿ ತಂದುಕೊಡುತ್ತಾನೆ. ಅದರ ಬದಲು ಒಬ್ಬ ನಿರ್ದಿಷ್ಟ ವ್ಯಕ್ತಿಗೆ, ಒಂದು ನಿರ್ದಿಷ್ಟ ನಷ್ಟದ ಬಗ್ಗೆ ಕೈಬರಹದಲ್ಲಿ ಬರೆಯುವ ಅರ್ಧ ಪುಟದ ಪತ್ರ ಹೆಚ್ಚು ಬೆವರಿಳಿಸುತ್ತದೆ.

ಮೇಲೆ ಹೇಳಿದ ಪಟ್ಟಿಯಲ್ಲಿ, ಆರೋಪಿಯೇ ಮುಂದೆ ಜ್ಯೂರರ್ ಆಗಿ ಕೂರಬೇಕೆಂಬ ಶರತ್ತನ್ನು ನೀವು ಗಮನಿಸಿರಬಹುದು. ಟೀನ್ ಕೋರ್ಟಿನ ಅತ್ಯಂತ ಜಾಣ ಏರ್ಪಾಡು ಇದೇ ಎಂಬುದು ನನ್ನ ಎಣಿಕೆ. ನಿಮ್ಮ ಮಗಳ ಎಡಗಡೆಯ ಕುರ್ಚಿಯಲ್ಲಿ ಅವಳಂತೆಯೇ ತಾನಾಗಿ ಬಂದ ಸ್ವಯಂಸೇವಕಿ ಇದ್ದರೆ, ಬಲಗಡೆಯ ಕುರ್ಚಿಯಲ್ಲಿ ಕಳೆದ ತಿಂಗಳು ಎದುರಿನ ಕುರ್ಚಿಯಲ್ಲಿ ಕೂತಿದ್ದ ಹುಡುಗನಿರಬಹುದು. ಯಾರು ಯಾವ ದಾರಿಯಿಂದ ಬಂದರೆಂದು ಅವಳು ಕೇಳಬಾರದು. ಆದರೆ ಚರ್ಚೆಯಲ್ಲಿ ಒಬ್ಬರು 'ಇಪ್ಪತ್ತು ಗಂಟೆ ಅಂದರೆ ನಿಜಕ್ಕೂ ಎಷ್ಟು ಅಂತ ನಿಮಗೆ ಗೊತ್ತಿಲ್ಲ' ಎಂದಾಗ ಆ ಮಾತಿಗೆ ಕಿವಿಗೊಡುವುದು ಒಳ್ಳೆಯದು. ಓದಿನಲ್ಲಿ ಮುಂದಿರುವ, ಟಿಕೆಟ್ ಎಂದರೇನೆಂದೇ ತಿಳಿಯದ ಮನೆಗಳ ಮಕ್ಕಳೇ ಆರು ಕುರ್ಚಿಯನ್ನೂ ತುಂಬಿಕೊಂಡಾಗ ತೀರ್ಮಾನಗಳು ದಾರಿ ತಪ್ಪುತ್ತವೆ. ನಮ್ಮ ಭಾರತೀಯ ಮನೆಗಳ ಮಕ್ಕಳು ಸ್ವಯಂಸೇವಕರಾಗಿ ದೊಡ್ಡ ಸಂಖ್ಯೆಯಲ್ಲಿರುವ ಊರುಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಅದೇ ಶಾಲೆಯವನು ಎದುರಾದರೆ ಏನು ಮಾಡಬೇಕೆಂದು ಕೇಳಿದ್ದೀರಿ. ಒಳ್ಳೆಯ ಕೋಆರ್ಡಿನೇಟರ್‌ಗಳು ಸಾಧ್ಯವಾದಷ್ಟು ಬೇರೆ ಶಾಲೆಯವರನ್ನೇ ಜ್ಯೂರಿಗೆ ಹಾಕುತ್ತಾರೆ, ಆದರೂ ಈಜಿನ ತರಗತಿ, ಕನ್ನಡ ಸಂಘದ ಯುಗಾದಿ, ದೇವಸ್ಥಾನ ಎಂದು ಮಕ್ಕಳ ಪರಿಚಯದ ದಾರಿಗಳು ಹಲವು. ಹೆಸರು ಕರೆದ ಕೂಡಲೇ ಗುರುತು ಸಿಕ್ಕರೆ ಅವಳು ಎದ್ದು, 'ನನಗೆ ಇವರ ಪರಿಚಯವಿದೆ, ಈ ಪ್ರಕರಣದಲ್ಲಿ ಕೂರುವುದಿಲ್ಲ' ಎನ್ನಬೇಕು. ಪರಿಚಯ ಎಂಥದ್ದೆಂದು ಎಲ್ಲರೆದುರು ವಿವರಿಸಬೇಕಾಗಿಲ್ಲ. ಗೆಳತಿಯ ಅಣ್ಣ, ಒಂದೇ ಬಸ್ಸಿನಲ್ಲಿ ಬರುವವನು ಎಂಬಷ್ಟು ತೆಳುವಾದ ಪರಿಚಯವಿದ್ದರೂ ಹೊರಗುಳಿಯುವುದೇ ಲೇಸು. ಅವಳು ನಿಷ್ಪಕ್ಷಪಾತಿಯಾಗಿ ಇರಬಲ್ಲಳೇ ಎಂಬುದರಷ್ಟೇ, ಆ ಹುಡುಗ ಅವಳೆದುರು ಬಾಯಿ ಬಿಡಬಲ್ಲನೇ ಎಂಬುದೂ ಮುಖ್ಯ.

ಗೋಪ್ಯತೆಯ ಪ್ರಮಾಣವನ್ನು ಪ್ರತಿ ವಿಚಾರಣೆಗೂ ಮುನ್ನ ತೆಗೆದುಕೊಳ್ಳುತ್ತಾರೆ. ಇದನ್ನು ಮುರಿಯುವವರು ಸಾಮಾನ್ಯವಾಗಿ ಮಕ್ಕಳಲ್ಲ, ಅವರನ್ನು ಕಾರಿನಲ್ಲಿ ಕರೆದುಕೊಂಡು ಬರುವ ನಾವು. 'ಇವತ್ತು ಯಾರು ಬಂದಿದ್ದರು? ಏನು ಮಾಡಿದ್ದನಂತೆ? ನಮ್ಮವರ ಮಕ್ಕಳು ಯಾರಾದರೂ ಇದ್ದರಾ?' ಎಂದು ಕೇಳದೆ ಇರುವುದು ತಾಯಿತಂದೆಯರ ಪಾಲಿನ ಕರ್ತವ್ಯ. ವಾರಾಂತ್ಯದ ವಿಡಿಯೊ ಕರೆಯಲ್ಲಿ ಅಜ್ಜಿ ಕೇಳಿದರೂ ಅಷ್ಟೇ. ಅವಳು ತನ್ನ ಬಗ್ಗೆ, ತಾನು ಹೆದರಿದ್ದರ ಬಗ್ಗೆ, ಚರ್ಚೆಯಲ್ಲಿ ಸೋತದ್ದರ ಬಗ್ಗೆ ಧಾರಾಳವಾಗಿ ಮಾತಾಡಲಿ. ಹೆಸರು, ಶಾಲೆ, ಅಪರಾಧ ಈ ಮೂರನ್ನು ಬಿಟ್ಟು. ಕೇಳಿದ ಸಂಗತಿ ಅವಳ ಮನಸ್ಸಿಗೆ ಭಾರವಾದರೆ, ಉದಾಹರಣೆಗೆ ಆ ಹುಡುಗನಿಗೆ ಮನೆಯಲ್ಲಿ ಹೊಡೆಯುತ್ತಾರೆಂಬ ಸೂಚನೆ ಸಿಕ್ಕರೆ, ಅದನ್ನು ಅಂದೇ ಕೋಆರ್ಡಿನೇಟರ್ ಅವರಿಗೆ ಹೇಳಬೇಕು. ಅಲ್ಲಿಂದಾಚೆಗಿನದು ದೊಡ್ಡವರ ಹೊಣೆ.

ಈಗ ನಿಮ್ಮ ಯಜಮಾನರ ಪ್ರಶ್ನೆಗೆ ನೇರವಾಗಿ ಬರುತ್ತೇನೆ. ಅವರಿಗೆ ಇದು ವಿಚಿತ್ರವಾಗಿ ಕಾಣುವುದು ಸಹಜ, ಏಕೆಂದರೆ ನಮ್ಮ ದೇಶದಲ್ಲಿ ದೊಡ್ಡವರ ಕ್ರಿಮಿನಲ್ ಪ್ರಕರಣಗಳಲ್ಲೇ ಜ್ಯೂರಿ ಇಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯ ಹೊತ್ತಿಗೆ ಅದು ಸಂಪೂರ್ಣ ಮರೆಯಾಯಿತು. ಕರ್ನಾಟಕದಲ್ಲಿ ಹದಿನಾರರ ಹುಡುಗನೊಬ್ಬ ಕಳ್ಳತನದಲ್ಲಿ ಸಿಕ್ಕಿಬಿದ್ದರೆ 2015ರ ಬಾಲ ನ್ಯಾಯ ಕಾಯ್ದೆಯಂತೆ ಬಾಲ ನ್ಯಾಯ ಮಂಡಳಿಯ ಮುಂದೆ ಹೋಗುತ್ತಾನೆ. ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಜೊತೆಗೆ ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರಾದರೂ ಮಹಿಳೆ. ಬುದ್ಧಿ ಹೇಳಿ ಮನೆಗೆ ಕಳುಹಿಸುವುದು, ಆಪ್ತಸಮಾಲೋಚನೆ, ಸಮುದಾಯ ಸೇವೆ ಇವೆಲ್ಲ ಆ ಕಾಯ್ದೆಯಲ್ಲೂ ಇವೆ. ಮಕ್ಕಳ ಗುರುತನ್ನು ಬಹಿರಂಗಪಡಿಸುವುದು ಅಲ್ಲಿಯೂ ಅಪರಾಧ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳು ಅಧಿಕಾರಿಗಳನ್ನು ಪ್ರಶ್ನಿಸುತ್ತಾರೆ, ಆದರೆ ಇನ್ನೊಂದು ಮಗುವಿನ ತಪ್ಪಿಗೆ ಪರಿಹಾರ ಹೇಳುವ ಅಧಿಕಾರ ಅವರಿಗಿಲ್ಲ. ಇಲ್ಲಿರುವುದು ಆ ಒಂದು ಹೆಜ್ಜೆ. ಅಮೆರಿಕದಲ್ಲೂ ಇದು ಸಂವಿಧಾನ ಕೊಟ್ಟ ಹಕ್ಕಿನಿಂದ ಬಂದದ್ದಲ್ಲ. ಬಾಲಾಪರಾಧದ ವಿಚಾರಣೆಯಲ್ಲಿ ಜ್ಯೂರಿ ಬೇಕೆಂಬುದು ಸಾಂವಿಧಾನಿಕ ಹಕ್ಕಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ 1971ರಲ್ಲೇ ಹೇಳಿದೆ. ಟೀನ್ ಕೋರ್ಟಿಗೆ ಬರುವುದು ಆರೋಪಿಯ ಕುಟುಂಬದ ಸ್ವಂತ ಆಯ್ಕೆ. ಅವರೇ ಕೇಳಿಕೊಂಡು ಬಂದಿದ್ದಾರೆ. ನಿಮ್ಮ ಮಗಳು ಯಾರ ಮೇಲೂ ತಾನಾಗಿ ಏರಿ ಹೋಗುತ್ತಿಲ್ಲ.

ಮಕ್ಕಳಿಗೆ ಇಷ್ಟು ಅಧಿಕಾರ ಕೊಟ್ಟು ನೋಡಿದವರಲ್ಲಿ ಅಮೆರಿಕದವರೇ ಮೊದಲಿಗರಲ್ಲ. ಪೋಲೆಂಡಿನ ವೈದ್ಯ ಯಾನುಷ್ ಕೋರ್ಚಾಕ್ ವಾರ್ಸಾದ ತಮ್ಮ ಅನಾಥಾಲಯದಲ್ಲಿ ನಡೆಸಿದ ಮಕ್ಕಳ ನ್ಯಾಯಾಲಯಕ್ಕೆ, ಆ ವಾರ ತಮ್ಮ ಮೇಲೆ ಯಾವ ದೂರೂ ಇಲ್ಲದ ಮಕ್ಕಳಲ್ಲಿ ಚೀಟಿ ಎತ್ತಿ ನ್ಯಾಯಾಧೀಶರನ್ನು ಆರಿಸುತ್ತಿದ್ದರು. ಅದರ ಸಂಹಿತೆಯ ಕಲಮುಗಳ ಸಂಖ್ಯೆ ಒಂದರಿಂದ ಸಾವಿರದವರೆಗೆ. ಮೊದಲ ತೊಂಬತ್ತೊಂಬತ್ತೂ ಕ್ಷಮಿಸುವ ಅಥವಾ ಬಿಟ್ಟುಬಿಡುವ ಕಲಮುಗಳೇ. ಸ್ವತಃ ಕೋರ್ಚಾಕ್ ಕೂಡ ಮಕ್ಕಳ ದೂರಿನ ಮೇಲೆ ಆ ನ್ಯಾಯಾಲಯದೆದುರು ನಿಂತಿದ್ದುಂಟು. ಬಿಗಿಯಾಗಿರುವ ಹದಿಹರೆಯದ ಜ್ಯೂರಿಗಳನ್ನು ಕಂಡಾಗಲೆಲ್ಲ ಆ ತೊಂಬತ್ತೊಂಬತ್ತು ಕಲಮುಗಳು ನನಗೆ ನೆನಪಾಗುತ್ತವೆ.

ಇದರಿಂದ ಪ್ರಯೋಜನವಿದೆಯೇ ಎಂಬುದಕ್ಕೆ ಎಲ್ಲರೂ ಎತ್ತಿ ಹೇಳುವ ಅಧ್ಯಯನ ವಾಷಿಂಗ್ಟನ್‌ನ ಅರ್ಬನ್ ಇನ್‌ಸ್ಟಿಟ್ಯೂಟ್ 2002ರಲ್ಲಿ ಪ್ರಕಟಿಸಿದ್ದು. ನಾಲ್ಕು ರಾಜ್ಯಗಳಲ್ಲಿ, ಟೀನ್ ಕೋರ್ಟಿಗೆ ಹೋದವರನ್ನೂ ಹೋಗದೆ ಬೇರೆ ದಾರಿಯಲ್ಲಿ ಸಾಗಿದವರನ್ನೂ ಹೋಲಿಸಿ, ಆರು ತಿಂಗಳೊಳಗೆ ಮತ್ತೆ ಸಿಕ್ಕಿಬಿದ್ದವರೆಷ್ಟು ಎಂದು ನೋಡಿದರು. ಅಲಾಸ್ಕಾದಲ್ಲಿ ಹೋದವರಲ್ಲಿ ಶೇ 6, ಹೋಗದವರಲ್ಲಿ ಶೇ 23; ಇದೇ ಕ್ರಮದಲ್ಲಿ ಮಿಸೂರಿಯಲ್ಲಿ ಶೇ 9 ಮತ್ತು ಶೇ 28, ಅರಿಜೋನಾದಲ್ಲಿ ಶೇ 9 ಮತ್ತು ಶೇ 15. ಮೇರಿಲ್ಯಾಂಡ್‌ನಲ್ಲಿ ಮಾತ್ರ ಲೆಕ್ಕ ತಿರುಗಿ ಶೇ 8 ಮತ್ತು ಶೇ 4. ಗಟ್ಟಿಯಾಗಿ ನಿಲ್ಲುವಷ್ಟು ವ್ಯತ್ಯಾಸ ಕಂಡದ್ದು ಅಲಾಸ್ಕಾ, ಮಿಸೂರಿಗಳಲ್ಲಿ, ಅಂದರೆ ನ್ಯಾಯಾಧೀಶರ ಕುರ್ಚಿಯನ್ನೂ ಮಕ್ಕಳ ಕೈಗೆ ಬಿಟ್ಟಿದ್ದ ಕಡೆ. ಇದರ ಜೊತೆಗೆ ಒಂದು ಟೀಕೆಯನ್ನೂ ಹೇಳದಿದ್ದರೆ ಅಪ್ರಾಮಾಣಿಕತೆಯಾಗುತ್ತದೆ: ಪೊಲೀಸರು ಗದರಿಸಿ ಬಿಟ್ಟುಬಿಡಬಹುದಾಗಿದ್ದ ಚಿಲ್ಲರೆ ತಂಟೆಗಳನ್ನು, ಟೀನ್ ಕೋರ್ಟ್ ಇದೆಯಲ್ಲ ಎಂಬ ಕಾರಣಕ್ಕೇ ಕಡತ ಮಾಡಿ ಕಳುಹಿಸುವ ಅಪಾಯವಿದೆ. ಅಂಥ ಪ್ರಕರಣ ಎದುರಾದಾಗ ಪಟ್ಟಿಯ ಕನಿಷ್ಠ ಗಂಟೆಯಲ್ಲೇ ನಿಲ್ಲುವ ಧೈರ್ಯ ನಿಮ್ಮ ಮಗಳಿಗಿರಲಿ.

ಕೊನೆಗೆ ವೀಸಾ. ದೊಡ್ಡವರ ಜ್ಯೂರಿಗೆ ಅಮೆರಿಕದ ಪೌರತ್ವ ಬೇಕು, ನಿಮಗೆ ಆ ಕರೆ ಬಂದರೂ ನೀವು ಕೂರುವಂತಿಲ್ಲ. ಟೀನ್ ಕೋರ್ಟಿನ ಜ್ಯೂರರ್ ಒಬ್ಬ ಸ್ವಯಂಸೇವಕಿ. ಅಲ್ಲಿ ಸಾಮಾನ್ಯವಾಗಿ ಕೇಳುವುದು ವಯಸ್ಸು, ತರಗತಿ ಮತ್ತು ತಾಯಿತಂದೆಯರ ಒಪ್ಪಿಗೆಯ ಸಹಿ. ಸಂಬಳವಿಲ್ಲದ ಇಂಥ ಸೇವೆಗೆ ಎಚ್-4 ಅಡ್ಡಿಯಾಗುವುದಿಲ್ಲ. ಆದರೆ ಕೆಲವು ನಗರಗಳ ಕಾರ್ಯಕ್ರಮಗಳು ತರಬೇತಿ ಮುಗಿಸಿದ ಮಕ್ಕಳಿಗೆ ಸ್ವಲ್ಪ ಹಣವನ್ನೂ ಕೊಡುತ್ತವೆ. ಎಚ್-4ರಲ್ಲಿರುವ ಮಗು ಕೆಲಸ ಮಾಡಿ ಹಣ ಪಡೆಯುವಂತಿಲ್ಲವಾದ್ದರಿಂದ, ಅಂಥ ಸೂಚನೆ ಬಂದರೆ ಸಹಿ ಹಾಕುವ ಮೊದಲು ವಲಸೆ ಕಾನೂನು ತಿಳಿದ ವಕೀಲರನ್ನು ಕೇಳಿ. ನಿಮಗೆ ತಿಳಿದ, ವೀಸಾದ ಮೇಲಿರುವ ಯಾವುದಾದರೂ ಕುಟುಂಬದ ಮಗು ಜ್ಯೂರರ್ ಆಗಿ ಅಲ್ಲದೆ ಆರೋಪಿಯಾಗಿ ಹೋಗುವ ಸಂದರ್ಭ ಬಂದರೆ ಈ ಎಚ್ಚರ ಇಮ್ಮಡಿಯಾಗಬೇಕು: ಟೆಕ್ಸಾಸ್‌ನಲ್ಲಿ ಆರೋಪ ವಜಾ ಆದರೂ, ಅದಕ್ಕೂ ಮೊದಲು ತೆರೆದ ನ್ಯಾಯಾಲಯದಲ್ಲಿ ಮಾಡಿದ ತಪ್ಪೊಪ್ಪಿಗೆಯನ್ನು ವಲಸೆ ಇಲಾಖೆ ಬೇರೆ ರೀತಿಯಲ್ಲಿ ಓದುವ ಸಾಧ್ಯತೆ ಇರುವುದರಿಂದ, ಒಪ್ಪಿಕೊಳ್ಳುವ ಮೊದಲೇ ವಕೀಲರ ಸಲಹೆ ಪಡೆಯಬೇಕು. ಸೇವೆಯ ಗಂಟೆಗಳ ಪ್ರಮಾಣಪತ್ರವನ್ನು ಮಗಳು ಕಾಲೇಜಿನ ಅರ್ಜಿಗೆ ಲಗತ್ತಿಸುವುದರಲ್ಲಿ ಸಂಕೋಚವೇನೂ ಬೇಡ. ಅರ್ಜಿಯ ಜೊತೆಗಿನ ಪ್ರಬಂಧದಲ್ಲಿ ತಾನು ಕೇಳಿದ ಪ್ರಕರಣವನ್ನು ಬರೆಯಲು ಹೊರಟರೆ ಮಾತ್ರ, ಹೆಸರು ಮರೆಸಿದ್ದರೂ ಸರಿ, ತಡೆಯಿರಿ. ಪ್ರಮಾಣ ಅದಕ್ಕೂ ಅನ್ವಯಿಸುತ್ತದೆ.